ಎರಡನೇ ಸಲ ಬಂದವರ ಲೆಕ್ಕ

ಶೋ ಮುಗಿದ ಮೇಲೆ ತಂಡದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಜನ ಇದ್ರು?" ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ನನ್ನದು, ಲೆಕ್ಕ ಹೇಳುತ್ತೇನೆ. ಜಾಸ್ತಿ ಇದ್ದರೆ ಖುಷಿ, ಕಡಿಮೆ ಇದ್ದರೆ ಬೇಜಾರು, ಅಲ್ಲಿಗೆ ಮಾತು ಮುಗಿಯಿತು. ಅದರಲ್ಲಿ ಕಲಾವಿದರ ನೆಂಟರು ಎಷ್ಟು, ಪಾಸಿನವರು ಎಷ್ಟು, ಮೊದಲ ಸಲ ನಾಟಕಕ್ಕೆ ಬಂದವರು ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಹದಿನೈದು ವರ್ಷದಿಂದ ಬೆಂಗಳೂರಿನ ನಾಟಕ ತಂಡಗಳಿಗೆ, ಸಂಗೀತ ಸಭೆಗಳಿಗೆ, ಒಂದೆರಡು ಗ್ಯಾಲರಿಗಳಿಗೆ ಪ್ರೇಕ್ಷಕರ ಕಡೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಪೋಸ್ಟರ್, ಇನ್‌ಸ್ಟಾಗ್ರಾಂ ಎಲ್ಲ ಬೇರೆಯವರ ಪಾಲು. ಬಂದವರು ಯಾರು, ಅವರು ಮತ್ತೆ ಬಂದರಾ, ಇಷ್ಟು ನನ್ನ ಪಾಲು. ಹೊಸ ತಂಡದವರಿಗೆ ನಾನು ಮೊದಲು ಹೇಳುವುದೇ ಇದು: ಮೊದಲ ಶೋ ನೋಡಿ ಮೋಸ ಹೋಗಬೇಡಿ. ಹನ್ನೆರಡು ಜನ ನಟರು, ಒಬ್ಬೊಬ್ಬರು ಹತ್ತು ಜನರನ್ನು ಕರೆದರೆ 120 ಸೀಟು ತುಂಬಿತು. ಅದು ಮದುವೆ ಮನೆ ಇದ್ದ ಹಾಗೆ. ಮೂರನೇ ಶೋಗೆ ಎಷ್ಟು ಸೀಟು ತುಂಬುತ್ತದೋ ಅದು ನಾಟಕದ ನಿಜವಾದ ಪ್ರೇಕ್ಷಕರು.

ಇನ್ನು ಬಂದವರು ಯಾರು ಅಂತ ಅವರನ್ನೇ ಕೇಳುವುದು ಹೇಗೆ? ನಾನೂ ಒಂದು ಕಾಲದಲ್ಲಿ ಫಾರ್ಮ್ ಮಾಡಿದ್ದೆ. 24 ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ. ವಯಸ್ಸು, ವೃತ್ತಿ, ಆದಾಯ, 'ಈ ಪ್ರದರ್ಶನಕ್ಕೆ 1ರಿಂದ 10ರೊಳಗೆ ಎಷ್ಟು ಅಂಕ ಕೊಡುತ್ತೀರಿ' ಇತ್ಯಾದಿ. ಶೋ ಮುಗಿದ ಮೇಲೆ ನೋಡಿದರೆ ಸೀಟಿನ ಕೆಳಗೆಲ್ಲ ಫಾರ್ಮುಗಳು. ಹೊರಗೆ ಕಡಲೆಕಾಯಿ ಮಾರುವವನು ಒಂದಷ್ಟನ್ನು ಆರಿಸಿಕೊಂಡು ಹೋದ. ಮುಂದಿನ ವಾರ ನನ್ನ 'ಆದಾಯ' ಕಾಲಂ ಇದ್ದ ಪೊಟ್ಟಣದಲ್ಲೇ ನಾನು ಕಡಲೆಕಾಯಿ ತಿಂದೆ.

ಫಾರ್ಮ್ ಹಂಚುವುದೇ ತಪ್ಪು ಅಂತಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಪ್ರಶ್ನೆಪತ್ರಗಳನ್ನು ಕಾರ್ಯಕ್ರಮದ ಕರಪತ್ರದೊಳಗೆ ಇಟ್ಟೇ ಹಂಚಿದ್ದರು. ನಾಟಕವಿರಲಿ, ಆರ್ಕೆಸ್ಟ್ರಾ ಇರಲಿ, ಬ್ಯಾಲೆ ಇರಲಿ, ಸೀಟಿನಲ್ಲಿ ಕೂತಿರುವವರು ಹೆಚ್ಚುಕಡಿಮೆ ಒಂದೇ ಥರದ ಜನ, ಚೆನ್ನಾಗಿ ಓದಿದವರು, ಕೈಯಲ್ಲಿ ಕಾಸಿದ್ದವರು ಅಂತ ಅವರಿಗೆ ಗೊತ್ತಾಯಿತು. ನಮ್ಮೂರಿನ ಸಭಾಂಗಣಗಳಲ್ಲಿ ಒಮ್ಮೆ ಕಣ್ಣಾಡಿಸಿ, ದೊಡ್ಡ ವ್ಯತ್ಯಾಸ ಕಾಣಲಿಕ್ಕಿಲ್ಲ. ಆದರೆ ಅವರ ಕೈಯಲ್ಲಿ ಸಂಶೋಧಕರ ಪಡೆ ಇತ್ತು. ಚಿಕ್ಕ ತಂಡದ ಹತ್ತಿರ ಇರುವುದು ಟೀ ಕೌಂಟರ್.

ಈಗ ನಾನು ಫಾರ್ಮ್ ಹಿಡಿದು ಹೋಗುವುದಿಲ್ಲ. ಶೋಗೆ ಮೊದಲು ಟೀ ಸಾಲಿನಲ್ಲಿ ನಿಂತು ಮಾತಾಡುತ್ತೇನೆ. ಶೋ ಮುಗಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ, ಆಗ ಎಲ್ಲರ ತಲೆಯಲ್ಲೂ ಆಟೋ, ಪಾರ್ಕಿಂಗ್. ಮೂರು ಪ್ರಶ್ನೆ ಸಾಕು. ಯಾವ ಏರಿಯಾದಿಂದ ಬಂದ್ರಿ? ಯಾರು ಕರ್ಕೊಂಡು ಬಂದ್ರು? ಮನೆಗೆ ಹೇಗೆ ಹೋಗ್ತೀರಾ?

ಮೂರನೆಯದನ್ನು ಮೊದಮೊದಲು ಸುಮ್ನೆ ಉಪಚಾರಕ್ಕೆ ಕೇಳುತ್ತಿದ್ದೆ. ಈಗ ಅದೇ ಮುಖ್ಯ ಪ್ರಶ್ನೆ. ಏಳೂವರೆಗೆ ಶುರುವಾದ ನಾಟಕ ಒಂಬತ್ತೂವರೆಗೆ ಬಿಡುತ್ತದೆ. ಯಲಹಂಕದವರು, ಕೆಂಗೇರಿಯವರು ಒಂಬತ್ತರಿಂದಲೇ ಕೈಗಡಿಯಾರ ನೋಡುತ್ತಾರೆ. ಒಬ್ಬರೇ ಬಂದ ಹೆಂಗಸರಂತೂ ಕ್ಯಾಬ್ ಸಿಗುತ್ತಾ ಅಂತ ಕತ್ತಲಲ್ಲೇ ಮೊಬೈಲ್ ತೆಗೆಯುತ್ತಾರೆ. ಕ್ಲೈಮ್ಯಾಕ್ಸಿನಲ್ಲಿ ಮಿಣಮಿಣ ಬೆಳಕು ಕಂಡ ಕೂಡಲೇ ನಿರ್ದೇಶಕರಿಗೆ ಸಿಟ್ಟು: "ಜನಕ್ಕೆ ಶಿಸ್ತಿಲ್ಲ." ಶಿಸ್ತು ಇದೆ ಸ್ವಾಮಿ, ಬಸ್ಸಿಲ್ಲ. ಒಂದು ತಂಡ ನನ್ನ ಮಾತು ಕೇಳಿ ಭಾನುವಾರ ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಶೋ ಇಟ್ಟಿತು. ಆ ಶೋಗೆ ಬಂದವರು ಬೇರೆಯೇ ಜನ. ಮಕ್ಕಳ ಜೊತೆ ಬಂದವರು, ಅರವತ್ತು ದಾಟಿದವರು, ಹಾಸ್ಟೆಲ್ ಹುಡುಗಿಯರು. ನಾಟಕ ಅದೇ, ನಟರು ಅವರೇ.

ಎರಡನೇ ಪ್ರಶ್ನೆಯ ಕಥೆ ಬೇರೆ. ನಾಟಕಕ್ಕೆ, ಸಂಗೀತ ಕಛೇರಿಗೆ ಒಬ್ಬರೇ ಬರುವವರು ಕಡಿಮೆ. ಐದು ಜನ ಒಟ್ಟಿಗೆ ಬಂದರೆ ಅದರಲ್ಲಿ ಒಬ್ಬರು ಮಾತ್ರ ನಿಜಕ್ಕೂ ಬರಬೇಕು ಅಂತ ಬಂದವರು. "ನಡೀರಿ, ಶನಿವಾರ ಹೋಗೋಣ" ಅಂತ ಹೊರಡಿಸುವವರು, ಟಿಕೆಟ್ ತೆಗೆಯುವವರು, ದುಡ್ಡು ವಸೂಲಿ ಮಾಡುವವರು ಎಲ್ಲ ಅವರೇ. ಮಿಕ್ಕ ನಾಲ್ವರಿಗೆ ನಾಟಕದ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಈ ಹೊರಡಿಸುವವರನ್ನು ಗುರುತಿಟ್ಟುಕೊಳ್ಳಿ. ಸಾವಿರ ಜನಕ್ಕೆ ಹೋಗುವ ವಾಟ್ಸಾಪ್ ಫಾರ್ವರ್ಡ್‌ಗಿಂತ ಇಂಥ ಐವತ್ತು ಜನಕ್ಕೆ ಹೆಸರು ಹಿಡಿದು ಮಾಡಿದ ಮೆಸೇಜ್ ಜಾಸ್ತಿ ಕೆಲಸ ಮಾಡುತ್ತದೆ. ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವ ಮೊದಲು, ಬುಕ್ ಮಾಡಿದವರ ವಿವರ ನಿಮಗೆ ಎಷ್ಟು ಸಿಗುತ್ತದೆ ಅಂತ ಆ ಕಂಪನಿಯವರನ್ನು ಕೇಳಿ. ಎಷ್ಟೋ ತಂಡಗಳ ಹತ್ತಿರ ಹತ್ತು ವರ್ಷದ ಹೌಸ್‌ಫುಲ್ ಫೋಟೋ ಇದೆ, ಹತ್ತು ಪ್ರೇಕ್ಷಕರ ನಂಬರ್ ಇಲ್ಲ. ನಂಬರ್ ತೆಗೆದುಕೊಳ್ಳುವಾಗ ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ. ಜನರ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಬಿಡಿ, ಕೇಳದೆ ಗುಂಪಿಗೆ ಸೇರಿಸಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಬಾಗಿಲ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷದ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಮಾಮೂಲಿ ಮಂಗಳವಾರ ಹೋಗಿ ನೋಡಿ, ಆರಾಮಾಗಿ ಓಡಾಡಬಹುದು. ಸಂತೆಯಲ್ಲಿ ಗೇಟಿಲ್ಲ, ಚಿತ್ರ ಫುಟ್‌ಪಾತಿಗೇ ಬಂದಿದೆ. ಪಕ್ಕದಲ್ಲಿ ಅದನ್ನು ಬರೆದವರೇ ಕೂತಿದ್ದಾರೆ. "ಎಷ್ಟು ಇದಕ್ಕೆ?" ಅಂತ ಕೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳೂ ಹೀಗೇ. 1939ರಿಂದ ಇರುವ ಮಂಡಳಿ ಅದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದ ಹೊರಗೆ ನಿಂತು ಸಂಗೀತ ಕೇಳಿ, ಆಮೇಲೆ ಟಿಕೆಟ್ ತೆಗೆಯುವಷ್ಟು ರುಚಿ ಹತ್ತಿದವರನ್ನು ನಾನು ಕಂಡಿದ್ದೇನೆ.

ನಾನು ಕೆಲಸ ಮಾಡಿದ ಒಂದು ಗ್ಯಾಲರಿಗೆ ಪ್ರವೇಶ ಉಚಿತ. ಆದರೂ ದಾರಿಯಲ್ಲಿ ಹೋಗುವವರು ಒಳಗೆ ಬರುತ್ತಿರಲಿಲ್ಲ. ಎದುರಿನ ಬಸ್‌ಸ್ಟಾಪಿನಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಒಬ್ಬ ಹುಡುಗ ಬ್ಯಾಗ್ ಹಾಕಿಕೊಂಡು ಗೇಟಿನವರೆಗೆ ಬಂದ, ಒಳಗೆ ಇಣುಕಿದ. ಸೆಕ್ಯುರಿಟಿಯವನು ಕುರ್ಚಿಯಿಂದ ಏಳದೆ "ಏನ್ ಬೇಕು?" ಅಂದ. ಹುಡುಗ "ಏನಿಲ್ಲ" ಅಂತ ಹೊರಟೇಹೋದ. ಅಷ್ಟೇ. ನಾವು ಎರಡು ತಿಂಗಳು ಕೂತು ಬರೆದ ಕರಪತ್ರ ಆ ಎರಡು ಪದದ ಮುಂದೆ ಏನೂ ಅಲ್ಲ. ಸೆಕ್ಯುರಿಟಿ ಒಡಿಶಾ ಕಡೆಯವನು, ಅವನಿಗೆ ಬರುತ್ತಿದ್ದ ಕನ್ನಡವೇ ಅಷ್ಟು. ತಪ್ಪು ಅವನದಲ್ಲ, ನಮ್ಮಲ್ಲಿ ಯಾರೂ ಅವನಿಗೆ ಒಳಗೇನಿದೆ ಅಂತ ಹೇಳಿರಲಿಲ್ಲ. ಮರುದಿನ ಅವನನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲ ಚಿತ್ರ ತೋರಿಸಿದೆ. ಒಂದು ದೋಣಿಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತ. "ಬನ್ನಿ, ಒಳಗೆ ಚಿತ್ರ ಇದೆ, ದುಡ್ಡಿಲ್ಲ" ಅಂತ ಹೇಳಿಕೊಟ್ಟೆ. ಆಮೇಲಾಮೇಲೆ ಅವನೇ ಸೇರಿಸಿದ: "ದೋಣಿ ಚೆನ್ನಾಗಿದೆ, ನೋಡಿ."

ಫ್ರೀ ಮಾಡಿದರೆ ಜನ ಬರುತ್ತಾರೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಫ್ರೀ ಅಂತ ಹೆಸರು ಬರೆಸಿದವರು ನಾಲ್ಕು ಹನಿ ಮಳೆ ಬಿದ್ದರೆ ಮನೆಯಲ್ಲೇ ಉಳಿಯುತ್ತಾರೆ. ನೂರು ರೂಪಾಯಿ ಕೊಟ್ಟವರು ಕೊಡೆ ಹಿಡಿದು ಬರುತ್ತಾರೆ.

ಬಂದವರನ್ನು ಓಡಿಸುವುದರಲ್ಲಿ ಮಾತ್ರ ನಾವು ಎತ್ತಿದ ಕೈ. ಆರಕ್ಕೆ ನಾಟಕ ಅಂತ ಕಾರ್ಡಿನಲ್ಲಿ ಇರುತ್ತದೆ. ಆರೂವರೆಗೆ ಪ್ರಾರ್ಥನೆ, ಸ್ವಾಗತ. ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಮೂವರು ಅತಿಥಿಗಳು. ಎಲ್ಲರಿಗೂ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. "ಎರಡೇ ಮಾತು" ಅಂತ ಶುರುಮಾಡಿದವರು ಇಪ್ಪತ್ತು ನಿಮಿಷ. ಪರದೆ ಏಳುವುದು ಏಳೂಮುಕ್ಕಾಲಿಗೆ. ಹಳಬರಿಗೆ ಇದು ಗೊತ್ತು, ಅವರು ಬರುವುದೇ ಏಳೂವರೆಗೆ. ಕಾರ್ಡನ್ನು ನಂಬಿ ಐದೂಮುಕ್ಕಾಲಿಗೆ ಬಂದು ಕೂತವರು ಯಾರು? ಹೊಸಬರು. ಶಿಕ್ಷೆ ಅವರಿಗೆ. ಸಭಾ ಕಾರ್ಯಕ್ರಮ ಬೇಡ ಅನ್ನಲ್ಲ, ಅನುದಾನ, ಬಾಂಧವ್ಯ ಎಲ್ಲ ಇರುತ್ತದೆ. ನಾಟಕದ ನಂತರ ಇಟ್ಟುಕೊಳ್ಳಿ, ಇಲ್ಲ ಕಾರ್ಡಿನಲ್ಲಿ ಎರಡು ಟೈಮ್ ಹಾಕಿ. 2004ರಲ್ಲಿ ಶುರುವಾದ ಜೆ.ಪಿ. ನಗರದ ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ, ತಡವಾದರೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಜಗಳ ಆಡಿದವರೂ ಮುಂದಿನ ಸಲ ಏಳು ಗಂಟೆಗೇ ಬಂದು ಕ್ಯಾಂಟೀನಿನಲ್ಲಿ ಕೂತಿರುತ್ತಾರೆ.

ಹೋದ ತಿಂಗಳು ವಿಜಯನಗರದ ಒಬ್ಬರು ಫೋನ್ ಮಾಡಿದ್ದರು. ಜನವರಿಯಲ್ಲಿ ಆಫೀಸಿನ ಗೆಳತಿಯ ಜೊತೆ ಬಂದಿದ್ದವರು, ನನ್ನ ಪುಸ್ತಕದಲ್ಲಿ 'ಮೊದಲ ಸಲ' ಅಂತ ಬರೆದಿತ್ತು. "ಈ ಸಲ ನಮ್ಮತ್ತೇನ ಕರ್ಕೊಂಡು ಬರ್ತೀನಿ ಸರ್. ಅವರಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಕೆಳಗಡೆ ಸೀಟು ಸಿಗುತ್ತಾ?" ಸೀಟಿತ್ತು, ಆದರೆ ಎಲ್ಲವೂ ಆನ್‌ಲೈನಿನಲ್ಲಿ ಹೋಗಿಬಿಟ್ಟಿತ್ತು. ಕೊನೆಗೆ ಸಾಲಿನ ತುದಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಈಗ ಪ್ರತಿ ಶೋಗೂ ಮೆಟ್ಟಿಲಿಲ್ಲದ ಕಡೆಯ ನಾಲ್ಕು ಸೀಟನ್ನು ಆನ್‌ಲೈನಿಗೆ ಬಿಡದೆ ಶೋ ಶುರುವಾಗುವ ಮುಂಚಿನ ಎರಡನೇ ಬೆಲ್‌ವರೆಗೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.