ಜೈಲಿನಲ್ಲಿರುವವರನ್ನು ಎಣಿಸಿ ಅಪರಾಧ ಅಳೆಯಬೇಡಿ

ಕಾರವಾರದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲರನ್ನು ಜನ ಮದುವೆ ಮನೆಯಲ್ಲೂ ಬಿಡುವುದಿಲ್ಲ. "ಈಗ ಕೇಸೆಲ್ಲ ಹೊರಗಿನವರದ್ದೇ ಅಲ್ವಾ? ಜೈಲಲ್ಲಿ ಬರೀ ಅವರೇ ಇದ್ದಾರಂತೆ." ಕೇಳುವವರು ಕೆಟ್ಟವರಲ್ಲ. ಬೈತಖೋಲದ ಬೋಟುಗಳಲ್ಲಿ ದುಡಿಯುವ ಜಾರ್ಖಂಡ್, ಒಡಿಶಾ ಹುಡುಗರಿಗೆ ಮನೆ ಬಾಡಿಗೆ ಕೊಟ್ಟವರೂ ಇದನ್ನೇ ಕೇಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಜೈಲಿನಲ್ಲಿ ಇರುವವರೆಲ್ಲ ಅಪರಾಧಿಗಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ.

ಹಾಗಾದರೆ ಒಳಗೆ ಉಳಿಯುವವರು ಯಾರು? ಜಾಮೀನುದಾರ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಎಂದು ಹೊಣೆ ಹೊರುವವನು, ಸಿಗದವರು. ಒಂದು ಹೊಡೆದಾಟದ ಕೇಸು ನೆನಪಾಗುತ್ತದೆ. ಆರೋಪಿಗಳು ಇಬ್ಬರು, ಒಬ್ಬ ಇಲ್ಲಿಯವನು, ಇನ್ನೊಬ್ಬ ಬೋಟಿನಲ್ಲಿ ಅಡುಗೆ ಮಾಡುವ ಹೊರರಾಜ್ಯದ ಹುಡುಗ. ಇಬ್ಬರಿಗೂ ಒಂದೇ ಆದೇಶದಲ್ಲಿ ಜಾಮೀನಾಯಿತು, ಷರತ್ತೂ ಒಂದೇ. ಊರಿನವನ ಭಾವ ಪಹಣಿ, ಆಧಾರ್ ಹಿಡಿದು ಬಂದ. ಸಂಜೆಯೊಳಗೆ ಅವನು ಮನೆಯಲ್ಲಿದ್ದ. ಅಡುಗೆ ಹುಡುಗನಿಗೆ ಪಹಣಿ ಇರುವ ನೆಂಟರನ್ನು ಎಲ್ಲಿಂದ ತರುವುದು? ಅವನ ಅಪ್ಪನಿಗೆ ರೈಲು ಟಿಕೆಟಿಗೂ ದುಡ್ಡು ಹೊಂದಿಸಬೇಕಿತ್ತು. ಅವನು ಒಳಗೇ ಉಳಿದ. ಆ ವಾರ ಜೈಲಿನ ತಲೆ ಎಣಿಸಿದವರ ಲೆಕ್ಕಕ್ಕೆ ಸಿಗುತ್ತಿದ್ದದ್ದು ಅವನೊಬ್ಬನೇ.

ಸುಪ್ರೀಂ ಕೋರ್ಟ್ ಇದನ್ನು 1978ರಲ್ಲೇ ನೋಡಿದೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಅಣ್ಣತಮ್ಮನ ಶೂರಿಟಿ (ಜಾಮೀನಿನ ಹೊಣೆ) ಕೊಡಿಸಲು ಹೋದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಕೆಳಗಿನ ಕೋರ್ಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ತಪ್ಪು ಎಂದರು. 2023ರ ಜನವರಿಯಲ್ಲೂ ಸುಪ್ರೀಂ ಕೋರ್ಟ್, ಸ್ಥಳೀಯ ಶೂರಿಟಿಯ ಹಟದಿಂದ ಬಿಡುಗಡೆ ತಡವಾಗುತ್ತಿದೆ ಎಂದಿತು. ಆದರೂ ಜಾಮೀನು ಕೊನೆಗೆ ನ್ಯಾಯಾಧೀಶರ ವಿವೇಚನೆ, ಪ್ರತಿ ಕೇಸೂ ಬೇರೆ.

ಇನ್ನೊಂದು ತೊಡಕು ನಮ್ಮ ಕರಾವಳಿಯದ್ದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನ ಹುಡುಗರು ಊರಿಗೆ ಹೋಗುತ್ತಾರೆ. ಕೇಸಿನ ದಿನಾಂಕ ಜುಲೈಯಲ್ಲಿ ಬಂದರೆ ಗೈರು, ಗೈರಾದರೆ ವಾರಂಟ್. ಆಗಸ್ಟಿನಲ್ಲಿ ಅವನು ಅದೇ ಬೋಟಿಗೆ ವಾಪಸ್ ಬಂದು ಬಲೆ ಎಳೆಯುತ್ತಿದ್ದರೂ ದಾಖಲೆಯಲ್ಲಿ ತಲೆಮರೆಸಿಕೊಂಡ ಆರೋಪಿ. ಮುಂದಿನ ಸಲ ಜಾಮೀನು ಕೇಳಿದರೆ ಇದೇ ಅಡ್ಡ ಬರುತ್ತದೆ.

ಎಫ್‌ಐಆರ್ ಲೆಕ್ಕವನ್ನೂ ಹುಷಾರಾಗಿ ಓದಬೇಕು. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವರ್ಷದ ಜೇಬುಗಳ್ಳತನವನ್ನು ಜಾತ್ರೆ ಇಲ್ಲದ ವರ್ಷದ ಪಕ್ಕ ಇಟ್ಟು "ಕಳ್ಳತನ ಇಳಿಯಿತು" ಎಂದರೆ ಏನರ್ಥ? ಜನಸಂಖ್ಯೆಗೆ ಇಷ್ಟು ಅಪರಾಧ ಎಂದು ಲೆಕ್ಕ ಹಾಕಿದರೂ, ಬಂದ ಲಕ್ಷಾಂತರ ಭಕ್ತರು ಜನಗಣತಿಯ ಲೆಕ್ಕದಲ್ಲಿ ಇರುವುದಿಲ್ಲ. ಮಕ್ಕಳು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಹಾಕಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹದಿನೇಳರ ಹುಡುಗಿ ಮನೆಯಲ್ಲಿ ಜಗಳವಾಡಿ ಅಜ್ಜಿ ಮನೆಗೆ ಹೋಗಿದ್ದರೂ ಮೊದಲು ದಾಖಲಾಗುವುದು ಹಾಗೇ.

ಹೊರಗಿನಿಂದ ಬಂದವರು ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಾಡಿದವರ ಪರವೂ ವಿರುದ್ಧವೂ ವಾದಿಸಿದ್ದೇನೆ. ಯಾವ ಊರಿನವರು ಜಾಸ್ತಿ ಮಾಡುತ್ತಾರೆ ಎಂದು ತಿಳಿಯಬೇಕಾದರೆ ಶಿಕ್ಷೆಯಾದವರನ್ನು ನೋಡಿ, ಆ ಊರಿನ ಎಷ್ಟು ಜನ ಇಲ್ಲಿ ದುಡಿಯುತ್ತಿದ್ದಾರೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.

ಬೋಟ್ ಮಾಲೀಕರಲ್ಲಿ ಒಂದು ಕೇಳಿಕೆ. ಕೆಲಸದವರ ಊರಿನ ವಿಳಾಸ, ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಯಾರ ಮೇಲಾದರೂ ಕೇಸಿದ್ದರೆ ಮೇ ತಿಂಗಳಲ್ಲೇ ಅವರ ವಕೀಲರಿಗೆ ತಿಳಿಸಿ. ಆ ದಿನದ ಹಾಜರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಲು ಬರುತ್ತದೆ.