ಕುದುರೆಯ ಸೋಂಕಿನಿಂದ ಊರಿನ ಅಪಾಯವನ್ನು ಅಳೆಯುವ ಬಗೆ

1930ರ ಬೇಸಿಗೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಸುಮಾರು ಆರು ಸಾವಿರ ಕುದುರೆಗಳು ಮತ್ತು ಹೇಸರಗತ್ತೆಗಳು ಮಿದುಳಿನ ಉರಿಯೂತಕ್ಕೆ ತುತ್ತಾದವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸತ್ತವು. ಪಶುವೈದ್ಯ ವಿಜ್ಞಾನಿ ಕಾರ್ಲ್ ಮೇಯರ್ ಮತ್ತು ಸಂಗಡಿಗರು ಕುದುರೆಯ ಮಿದುಳಿನಿಂದ ಹೊಸ ವೈರಾಣುವೊಂದನ್ನು ಬೇರ್ಪಡಿಸಿದರು. ಇದು ಮನುಷ್ಯರಿಗೂ ತಗಲುತ್ತಿರಬಹುದೆಂಬ ಶಂಕೆ ಮೇಯರ್ ಅವರಿಗೆ ಬೇಗನೆ ಮೂಡಿತ್ತಾದರೂ, ಮೃತಪಟ್ಟ ಮಗುವೊಂದರ ಮಿದುಳಿನಲ್ಲಿ ಅದೇ ವೈರಾಣುವನ್ನು ಬಿಯಾಟ್ರಿಸ್ ಹೌವಿಟ್ ಪತ್ತೆಹಚ್ಚಿದ್ದು 1938ರಲ್ಲಿ. ಕ್ಯೂಲೆಕ್ಸ್ ಜಾತಿಯ ಸೊಳ್ಳೆಯಲ್ಲಿ ಅದು ಸಿಕ್ಕಿದ್ದು 1941ರಲ್ಲಿ. ಅದೇ 1938ರಲ್ಲಿ ದೇಶದ ಪೂರ್ವ ತುದಿಯ ಮ್ಯಾಸಚೂಸೆಟ್ಸ್‌ನಲ್ಲಿ ಇದರ ಸೋದರ ವೈರಾಣುವೊಂದು ಕುದುರೆಗಳ ನಡುವೆ ಹಬ್ಬಿ, 34 ಜನರಿಗೂ ತಗಲಿ, 25 ಮಂದಿಯನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಕುದುರೆ ಕಾಯಿಲೆ ಬಿದ್ದ ಊರಿನಲ್ಲಿ ಮನುಷ್ಯರ ಬಗೆಗೂ ಕಾಳಜಿ ವಹಿಸಬೇಕೆಂಬ ತಿಳಿವಳಿಕೆ ಬೇರೂರಿದ್ದು ಈ ಒಂದು ದಶಕದಲ್ಲಿ.

ಈ ಸೂಚನೆಗೆ ಕುದುರೆಯೇ ಏಕೆ ಒದಗಿಬಂತು ಎಂಬುದಕ್ಕೆ ಜೈವಿಕ ಕಾರಣಗಳಿವೆ. ಅದು ದೊಡ್ಡ ದೇಹದ ಪ್ರಾಣಿ. ಇರುಳಿಡೀ ಬಯಲಿನಲ್ಲೋ ತೆರೆದ ಲಾಯದಲ್ಲೋ ನಿಂತಿರುತ್ತದೆ. ಮುಸ್ಸಂಜೆಯ ನಂತರ ಚುರುಕಾಗುವ ಕ್ಯೂಲೆಕ್ಸ್ ಸೊಳ್ಳೆಗಳಿಗೆ ಅದು ಮನುಷ್ಯನಿಗಿಂತ ಸುಲಭವಾಗಿ ಸಿಗುತ್ತದೆ. ಇದೇ ಬಗೆಯಲ್ಲಿ ಸೊಳ್ಳೆಯಿಂದ ತಗಲಿ ಮಿದುಳಿಗೆ ಏರಬಲ್ಲ ಇನ್ನೊಂದು ವೈರಾಣು ವೆಸ್ಟ್ ನೈಲ್; ಅದು ನಿಜವಾಗಿ ಸುತ್ತುವುದು ಹಕ್ಕಿ ಮತ್ತು ಸೊಳ್ಳೆಗಳ ನಡುವೆ. ಕುದುರೆಯ ರಕ್ತದಲ್ಲಿ ಅದು ಇನ್ನೊಂದು ಸೊಳ್ಳೆಗೆ ದಾಟುವಷ್ಟು ಹೆಚ್ಚುವುದಿಲ್ಲ. ಮನುಷ್ಯನ ವಿಷಯದಲ್ಲೂ ಹಾಗೆಯೇ. ಆದ್ದರಿಂದ ಸೋಂಕಿತ ಕುದುರೆ ರೋಗದ ಮೂಲವಲ್ಲ. ಹಕ್ಕಿಗಳ ವಲಯದಲ್ಲಿದ್ದ ವೈರಾಣು ಸಸ್ತನಿಗಳನ್ನು ಕಚ್ಚುವ ಸೊಳ್ಳೆಗಳಿಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ. (ಇದಕ್ಕೆ ಮುಖ್ಯ ಅಪವಾದ ದಕ್ಷಿಣ ಅಮೆರಿಕದ ವೆನೆಜುವೆಲನ್ ಮಿದುಳಿನ ಉರಿಯೂತ, ಅಲ್ಲಿ ಕುದುರೆಯೇ ವೈರಾಣುವನ್ನು ಬೆಳೆಸಿ ಸೊಳ್ಳೆಗಳಿಗೆ ದಾಟಿಸುತ್ತದೆ.)

ಆದರೆ ಈ ಸಾಕ್ಷ್ಯವನ್ನು ಅರ್ಥ ಮಾಡಿಕೊಳ್ಳುವುದು ತೋರುವಷ್ಟು ಸರಳವಲ್ಲ. ವೆಸ್ಟ್ ನೈಲ್ ವೈರಾಣುವನ್ನು ಮೊದಲು ಬೇರ್ಪಡಿಸಿದ್ದು 1937ರಲ್ಲಿ, ಉಗಾಂಡದ ಮಹಿಳೆಯೊಬ್ಬರ ರಕ್ತದಿಂದ. ದಕ್ಷಿಣ ಫ್ರಾನ್ಸಿನ ಕಮಾರ್ಗ್ ಜೌಗುಪ್ರದೇಶದಲ್ಲಿ 1960ರ ದಶಕದ ಆರಂಭದಲ್ಲಿ ಅದು ಕುದುರೆಗಳನ್ನೂ ಜನರನ್ನೂ ಕಾಡಿತು. 2000ದಲ್ಲಿ ಅದೇ ಭಾಗದಲ್ಲಿ 76 ಕುದುರೆಗಳಿಗೆ ಸೋಂಕು ಖಚಿತವಾಗಿ 21 ಸತ್ತರೂ ಜನರಲ್ಲಿ ಕಾಯಿಲೆ ಕಾಣಿಸಿಕೊಳ್ಳಲಿಲ್ಲ. ಸೋಂಕು ತಗಲಿದ ಮನುಷ್ಯರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ, ಸುಮಾರು 150ರಲ್ಲಿ ಒಬ್ಬರಿಗೆ ಮಾತ್ರ ಅದು ನರಮಂಡಲಕ್ಕೆ ಏರುತ್ತದೆ. ಹೀಗಿರುವಾಗ ಜನ ಕಾಯಿಲೆ ಬೀಳಲಿಲ್ಲ ಎಂದ ಮಾತ್ರಕ್ಕೆ ಅಪಾಯವೇ ಇರಲಿಲ್ಲ ಎನ್ನಲಾಗದು.

ಅಮೆರಿಕದ ಅನುಭವ ಇದಕ್ಕಿಂತ ತೊಡಕಿನದು. 1999ರಲ್ಲಿ ನ್ಯೂಯಾರ್ಕ್‌ಗೆ ಬಂದ ವೆಸ್ಟ್ ನೈಲ್ ಮೂರೇ ವರ್ಷಗಳಲ್ಲಿ ದೇಶದ ಬಹುಭಾಗಕ್ಕೆ ಹರಡಿತು. 2002ರಲ್ಲಿ 14 ಸಾವಿರಕ್ಕೂ ಹೆಚ್ಚು ಕುದುರೆಗಳಲ್ಲಿ ಹಾಗೂ 4,156 ಜನರಲ್ಲಿ ರೋಗ ವರದಿಯಾಯಿತು. ಅಷ್ಟರಲ್ಲಿ ಕುದುರೆಗಳಿಗೆ ಲಸಿಕೆ ಬಂದಿತ್ತು, ಮಾಲೀಕರು ಅದನ್ನು ಬೇಗನೆ ಒಪ್ಪಿಕೊಂಡರು. ಸೋಂಕು ತಗಲಿ ಬದುಕುಳಿದ ಕುದುರೆಗಳಲ್ಲೂ ರೋಗನಿರೋಧಕ ಶಕ್ತಿ ಬೆಳೆದಿತ್ತು. ಹತ್ತು ವರ್ಷಗಳ ಬಳಿಕ, 2012ರಲ್ಲಿ, ಜನರಲ್ಲಿ 5,674 ಪ್ರಕರಣಗಳು ವರದಿಯಾದರೆ ಕುದುರೆಗಳ ಲೆಕ್ಕ ಏಳುನೂರನ್ನೂ ಮುಟ್ಟಲಿಲ್ಲ. ಕುದುರೆಗಳನ್ನು ಕಾಪಾಡಿದ ಲಸಿಕೆ ಅವುಗಳಿಂದ ಸಿಗುತ್ತಿದ್ದ ಮುನ್ಸೂಚನೆಯನ್ನು ಮಸುಕಾಗಿಸಿತು. ಲಸಿಕೆ ಹಾಕಬಾರದಿತ್ತು ಎಂದು ಇದರ ಅರ್ಥವಲ್ಲ. ಒಂದು ಜಿಲ್ಲೆಯಲ್ಲಿ ಎಷ್ಟು ಕುದುರೆಗಳಿವೆ, ಎಷ್ಟಕ್ಕೆ ಲಸಿಕೆಯಾಗಿದೆ, ಕಾಯಿಲೆ ಬಿದ್ದಾಗ ಎಷ್ಟು ಮಾಲೀಕರು ಪರೀಕ್ಷೆ ಮಾಡಿಸುತ್ತಾರೆ ಎಂಬುದು ಗೊತ್ತಿಲ್ಲದೆ ಆ ಜಿಲ್ಲೆಯ ಶೂನ್ಯ ಪ್ರಕರಣಗಳನ್ನು ಸುರಕ್ಷತೆಯ ಗುರುತೆಂದು ನಂಬಬಾರದು, ಅಷ್ಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಸ್ಪೇನ್‌ನ ಆಂಡಲೂಸಿಯಾ. ಅಲ್ಲಿ 2010ರಲ್ಲಿ ಕಾದಿಸ್ ಭಾಗದ ಕುದುರೆಗಳಲ್ಲಿ ವೆಸ್ಟ್ ನೈಲ್ ಕಾಣಿಸಿಕೊಂಡಿತು, ಜೊತೆಗೆ ಇಬ್ಬರು ಮನುಷ್ಯರಿಗೂ ತಗಲಿತು. ಮುಂದಿನ ವರ್ಷಗಳಲ್ಲೂ ಕುದುರೆಗಳಲ್ಲಿ ಸೋಂಕು ಮತ್ತೆ ಮತ್ತೆ ಪತ್ತೆಯಾಗುತ್ತಿತ್ತು; ಜನರಲ್ಲಿ ಮಾತ್ರ ಪ್ರಕರಣಗಳು ಬೆರಳೆಣಿಕೆಯಷ್ಟಿದ್ದವು. 2020ರಲ್ಲಿ ಗ್ವಾದಲ್ಕಿವೀರ್ ನದಿಯ ಜೌಗು ಮತ್ತು ಭತ್ತದ ಗದ್ದೆಗಳ ಬದಿಯ ಕೊರಿಯಾ ದೆಲ್ ರಿಯೊ, ಲಾ ಪುಯೆಬ್ಲಾ ದೆಲ್ ರಿಯೊ ಮುಂತಾದ ಊರುಗಳಲ್ಲಿ ರೋಗ ಸ್ಫೋಟಿಸಿ, ಆ ವರ್ಷ ದೇಶದಲ್ಲಿ 77 ಜನರಿಗೆ ತಗಲಿತು, ಎಂಟು ಮಂದಿ ಅಸುನೀಗಿದರು. ಹತ್ತು ವರ್ಷ ಕುದುರೆಗಳಿಂದ ಸೂಚನೆ ಸಿಕ್ಕಿದ್ದರೂ ಸೊಳ್ಳೆ ನಿಯಂತ್ರಣ ಆ ಅಪಾಯಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಕುದುರೆಯ ವರದಿ ಪಶುಸಂಗೋಪನಾ ಇಲಾಖೆಯ ಕಡತದಲ್ಲೇ ಉಳಿದು, ಆಸ್ಪತ್ರೆಯ ವೈದ್ಯರಿಗೂ ಊರಿನ ಆಡಳಿತಕ್ಕೂ ಮುಟ್ಟದಿದ್ದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಇಟಲಿ ಈ ಕೊಂಡಿಯನ್ನು ಬೇರೆ ರೀತಿಯಲ್ಲಿ ಬೆಸೆಯಿತು. 1998ರಲ್ಲಿ ಟಸ್ಕನಿಯ ಕುದುರೆಗಳಲ್ಲಿ ರೋಗ ಕಂಡ ಬಳಿಕ ರಾಷ್ಟ್ರೀಯ ನಿಗಾ ಯೋಜನೆ ರೂಪುಗೊಂಡಿತು. 2008ರಲ್ಲಿ ಪೋ ನದಿಯ ಬಯಲಿನಲ್ಲಿ ಸೋಂಕು ಮರಳಿದ ಮೇಲೆ ಅದು ಬಿಗಿಯಾಯಿತು. ಈಗ ಒಂದು ಪ್ರಾಂತ್ಯದ ಕುದುರೆ, ಹಕ್ಕಿ ಅಥವಾ ಸೊಳ್ಳೆಯಲ್ಲಿ ವೈರಾಣು ಖಚಿತವಾದರೆ ಅಲ್ಲಿ ದಾನವಾಗಿ ಬರುವ ರಕ್ತವನ್ನು ಪರೀಕ್ಷಿಸುವ ಕ್ರಮ ಆರಂಭವಾಗುತ್ತದೆ. ರೋಗಿ ಆಸ್ಪತ್ರೆಗೆ ಬರುವವರೆಗೆ ಕಾಯಬೇಕಿಲ್ಲ. ಹಾಗೆಂದು ಕುದುರೆಯೇ ಯಾವಾಗಲೂ ಮೊದಲು ಸುಳಿವು ಕೊಡುತ್ತದೆ ಎಂದಲ್ಲ. 2010ರಲ್ಲಿ ಗ್ರೀಸ್‌ನ ಮಧ್ಯ ಮೆಸಿಡೋನಿಯಾದಲ್ಲಿ ರೋಗ ಮೊದಲು ಗಮನಕ್ಕೆ ಬಂದದ್ದು ಮನುಷ್ಯರಲ್ಲಿ.

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. ಕೋಲಾರ ಜಿಲ್ಲೆ 1970ರ ದಶಕದ ಕೊನೆಯಲ್ಲೇ ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮೆದುಳು ಜ್ವರದ ಹಾವಳಿಯನ್ನು ಕಂಡಿತ್ತು. ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮಿದುಳಿನಿಂದ ವೆಸ್ಟ್ ನೈಲ್ ವೈರಾಣುವನ್ನೇ ಬೇರ್ಪಡಿಸಿದ ವರದಿಯೂ 1984ರಲ್ಲಿ ರಾಜ್ಯದಿಂದಲೇ ಪ್ರಕಟವಾಗಿತ್ತು. ಪಕ್ಕದ ಕೇರಳದ ಮಲಪ್ಪುರದಲ್ಲಿ 2019ರಲ್ಲಿ ಬಾಲಕನೊಬ್ಬ ವೆಸ್ಟ್ ನೈಲ್‌ನಿಂದ ಮೃತಪಟ್ಟ. ಜಪಾನೀಸ್ ಎನ್‌ಸೆಫಲೈಟಿಸ್ ಮತ್ತು ವೆಸ್ಟ್ ನೈಲ್ ವೈರಾಣುಗಳು ಹತ್ತಿರದ ಸಂಬಂಧಿಗಳಾದುದರಿಂದ ಒಂದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯ ಇನ್ನೊಂದರ ಸಾಮಾನ್ಯ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸಬಹುದು. ಪ್ರತಿಕಾಯ ಯಾವ ವೈರಾಣುವನ್ನು ತಡೆಯುತ್ತದೆಂದು ನೋಡುವ, ಹೆಚ್ಚು ಶ್ರಮದ ತಟಸ್ಥೀಕರಣ ಪರೀಕ್ಷೆ ನಡೆಸದೆ ಕುದುರೆಯ ರಕ್ತದಲ್ಲಿ ಕಂಡದ್ದು ಯಾವುದೆಂದು ಹೇಳುವುದು ಕಷ್ಟ. ಕಾಲದ ಪ್ರಶ್ನೆಯೂ ಇದೆ. ಸೋಂಕಿನ ಆರಂಭದಲ್ಲಿ ಮೂಡುವ ಐಜಿಎಂ ಎಂಬ ಬಗೆಯ ಪ್ರತಿಕಾಯ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕರಗುವುದರಿಂದ ಇತ್ತೀಚಿನ ಸೋಂಕನ್ನು ಸೂಚಿಸುತ್ತದೆ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ವರ್ಷಗಟ್ಟಲೆ ಉಳಿಯುವುದರಿಂದ ಕುದುರೆ ಯಾವ ವರ್ಷ, ಯಾವ ಊರಿನಲ್ಲಿದ್ದಾಗ ಸೋಂಕು ತಗಲಿತೆಂದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ನೀರಾವರಿ ಜಿಲ್ಲೆಗಳಲ್ಲಿ ಕುದುರೆ, ಕತ್ತೆಗಳ ಮೂಲಕ ಅಪಾಯವನ್ನು ಅಳೆಯಬೇಕಾದರೆ, ಲಸಿಕೆ ಪಡೆಯದ, ಬೇರೆಡೆಗೆ ಸಾಗಿಸದ ಪ್ರಾಣಿಗಳನ್ನು ಗುರುತಿಸಿ, ಅವುಗಳ ರಕ್ತವನ್ನು ಮುಂಗಾರಿಗೆ ಮೊದಲು ಒಮ್ಮೆ, ಸೊಳ್ಳೆಗಳ ಕಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ, ನಡುವಿನ ಅವಧಿಯಲ್ಲಿ ಹೊಸದಾಗಿ ಪ್ರತಿಕಾಯ ಮೂಡಿದವು ಎಷ್ಟೆಂದು ಎಣಿಸಬೇಕು.