ಶವರ್ ಬಾಗಿಲ ಕೆಳಗೊಂದು ಪುಟ್ಟ ಸೂರು

ಹೊಸ ಪಟ್ಟಿ ಹಾಕಿದ ಮಾರನೇ ದಿನ ಬಚ್ಚಲಿನ ಕಾಲೊರಸು ಮೊದಲಿಗಿಂತ ಜಾಸ್ತಿ ಒದ್ದೆಯಾಗಿತ್ತು.

ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಶವರಿಗೊಂದು ಗಾಜಿನ ಬಾಗಿಲಿದೆ. ಅದರ ಕೆಳ ಅಂಚಿಗೆ ಸಿಕ್ಕಿಸಿದ್ದ ಪಾರದರ್ಶಕ ಪಟ್ಟಿ ಹಳದಿ ತಿರುಗಿ, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಬದಲಾಯಿಸಿದೆ. ನೀರು ಮಾತ್ರ ನಿಲ್ಲಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ ಗೊತ್ತಾಯಿತು, ಪಟ್ಟಿಯನ್ನು ಹಿಂದುಮುಂದಾಗಿ ಹಾಕಿದ್ದೆ.

ಒಂದು ಪ್ಲಾಸ್ಟಿಕ್ ಪಟ್ಟಿಗೂ ಹಿಂದು ಮುಂದು ಇರುತ್ತಾ? ಇರುತ್ತದೆ. ಅದನ್ನು ತುದಿಯಿಂದ ನೋಡಿ. ಮೇಲೆ ಗಾಜನ್ನು ಕಚ್ಚಿಕೊಳ್ಳುವ ಗಡಸು ದವಡೆ. ಕೆಳಗೆ ನೆಲ ಸವರುವ ಮೆತ್ತನೆಯ ನಾಲಗೆ. ಪಕ್ಕದಲ್ಲಿ ಓರೆಯಾಗಿ ಚಾಚಿಕೊಂಡ ಒಂದು ಪುಟ್ಟ ಸೂರು. ಈ ಸೂರು ಸ್ನಾನ ಮಾಡುವವರ ಕಡೆಗಿರಬೇಕು. ನಾನು ಹೊರಗಡೆಗೆ ತಿರುಗಿಸಿದ್ದೆ. ನೀರು ಶಿಸ್ತಾಗಿ ಕಾಲೊರಸಿನ ಮೇಲೇ ಸುರಿಯುತ್ತಿತ್ತು!

ಕೆಳಗಿನ ನಾಲಗೆ ಅಣೆಕಟ್ಟಿನ ಹಾಗೆ ನೀರನ್ನು ತಡೆಯುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ಹೆಚ್ಚಿನ ಕೆಲಸ ಮಾಡುವುದು ಆ ಸೂರು. ಯಾಕೆ ಅಂತ ತಿಳಿಯಬೇಕಾದರೆ ಲೋಟದ ಕಾಫಿಯನ್ನು ಬಟ್ಟಲಿಗೆ ತೀರಾ ನಿಧಾನವಾಗಿ ಬಗ್ಗಿಸಿ ನೋಡಿ. ಕಾಫಿ ಬಟ್ಟಲಿಗೆ ಬೀಳುವುದಿಲ್ಲ. ಲೋಟದ ಹೊರಮೈಗೆ ಅಂಟಿಕೊಂಡು ಇಳಿದು ಬೆರಳು ಸುಡುತ್ತದೆ. ಜೋರಾಗಿ ಸುರಿದರೆ ಈ ರಗಳೆ ಇಲ್ಲ. ವೇಗ ಇದ್ದರೆ ನೀರು ಅಂಚನ್ನು ಬಿಟ್ಟು ಹಾರುತ್ತದೆ, ಇಲ್ಲದಿದ್ದರೆ ಮೇಲ್ಮೈಯನ್ನು ತಬ್ಬಿಕೊಂಡೇ ತಿರುಗುತ್ತದೆ. ಶವರ್ ಬಾಗಿಲ ಮೇಲೆ ತೆಳ್ಳಗೆ ಇಳಿಯುವ ನೀರೂ ಹಾಗೇ. ಅಂಚಿಗೆ ಬಂದರೂ ಬೀಳದೆ, ಗಾಜಿನ ತಳವನ್ನು ಹಿಡಿದುಕೊಂಡು ಆಚೆ ಬದಿಗೆ ದಾಟುತ್ತದೆ. ಸೂರು ಅದನ್ನು ಒಳಕ್ಕೆ ಎಳೆದು, ಚೂಪು ಅಂಚಿನಿಂದ ಕೆಳಗೆ ಉದುರಿಸುತ್ತದೆ. ಕಿಟಕಿಯ ಸಜ್ಜಾದ ತಳದಲ್ಲಿ, ಅಂಚಿನ ಉದ್ದಕ್ಕೂ ಗಾರೆಯವರು ಒಂದು ಗೀರು ಬಿಡುತ್ತಾರಲ್ಲ, ಅದೂ ಇದೇ ಉಪಾಯ. ಮಳೆನೀರು ಗೋಡೆಯ ತನಕ ಹರಿಯದೆ ಆ ಗೀರಿನ ಹತ್ತಿರವೇ ಉದುರುತ್ತದೆ.

ಸೋಪು ಸೇರಿದರೆ ಕಥೆ ಬೇರೆ. ನೀರಿನ ಮೇಲ್ಮೈಯಲ್ಲಿ ಒಂದು ಬಿಗಿತ ಇರುತ್ತದೆ. ಕೋಣೆಯ ಬಿಸಿಯಲ್ಲಿ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಪು ಅದನ್ನು ಅರ್ಧಕ್ಕೂ ಕಮ್ಮಿ ಮಾಡಬಲ್ಲದು. ಬರೀ ನೀರು ಹನಿಯಾಗಿ ನಿಲ್ಲುವ ಕಡೆ ಸೋಪಿನ ನೀರು ಸಲೀಸಾಗಿ ನುಸುಳುತ್ತದೆ. ಸಂದುಗಳದ್ದು ಇನ್ನೊಂದು ತಂಟೆ. ಚೆನ್ನಾಗಿ ತೊಳೆದ ಎರಡು ಗಾಜುಗಳನ್ನು 1 ಮಿಲಿಮೀಟರ್ ಅಂತರದಲ್ಲಿ ನೀರಿಗಿಟ್ಟರೆ, ನಡುವೆ ನೀರು ಸುಮಾರು 15 ಮಿಲಿಮೀಟರ್ ತಾನಾಗಿ ಏರುತ್ತದೆ. ಅಂತರ ಅರ್ಧವಾದರೆ ಏರಿಕೆ ಎರಡರಷ್ಟು. ಪಟ್ಟಿಯ ದವಡೆಗೂ ಗಾಜಿಗೂ ನಡುವಿನ ಸಂದು ಇನ್ನೂ ಕಿರಿದು. ಅಲ್ಲಿ ಹೊಕ್ಕ ನೀರು ಬೇಗ ಆರುವುದಿಲ್ಲ. ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಗೆರೆ ಒಳಗೆ ಕೂತ ಬೂಷ್ಟು.

ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಇದಕ್ಕೆ ಶವರ್ ರಬ್ಬರ್ ಅಂದರು. ನಿಜಕ್ಕೂ ಅದು ರಬ್ಬರ್ ಅಲ್ಲ, ಪಿವಿಸಿ. ನೀರಿನ ಪೈಪಿಗೆ ಬಳಸುವ ಅದೇ ಗಡಸು ಪ್ಲಾಸ್ಟಿಕ್. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದರು. ಪಿವಿಸಿಯನ್ನು ಒಂದು ದ್ರಾವಕದಲ್ಲಿ ಕಾಯಿಸಿದಾಗ ಗೋಂದು ಬರಲಿಲ್ಲ, ಬಾಗಿಸಿದರೆ ಬಾಗುವ ಮೆತ್ತನೆಯ ವಸ್ತು ಬಂತು. ಹೋಳಿಗೆಯ ಕಣಕಕ್ಕೆ ಧಾರಾಳವಾಗಿ ಎಣ್ಣೆ ಹಾಕಿ ನಾದುತ್ತೇವಲ್ವಾ? ಪಿವಿಸಿಯ ಉದ್ದುದ್ದ ಅಣು ಸರಪಳಿಗಳ ನಡುವೆಯೂ ಹಾಗೇ ಎಣ್ಣೆಯಂಥ ರಾಸಾಯನಿಕ ಸೇರಿಸುತ್ತಾರೆ, ಸರಪಳಿಗಳು ಒಂದರ ಮೇಲೊಂದು ಜಾರಲಿ ಅಂತ. ತೊಂದರೆ ಅಂದರೆ ಈ ಎಣ್ಣೆ ಅಲ್ಲೇ ಇರುವುದಿಲ್ಲ. ವರ್ಷಗಟ್ಟಲೆ ಬಿಸಿನೀರು, ಸೋಪು ತಾಗಿ ಮೆಲ್ಲಗೆ ಹೊರಬರುತ್ತದೆ. ಕೆಲವು ಬೂಷ್ಟುಗಳಿಗೆ ಅದು ಊಟವೂ ಹೌದು. ಪಟ್ಟಿ ಗಡಸಾಗುತ್ತದೆ, ಕುಗ್ಗುತ್ತದೆ. ಬೆಳಕು, ಬಿಸಿ ತಾಗಿ ಪಿವಿಸಿಯ ಸರಪಳಿಯೇ ಬದಲಾದಾಗ ಅದು ನೀಲಿ ಬೆಳಕನ್ನು ನುಂಗಲು ಶುರು ಮಾಡುತ್ತದೆ. ನಮಗೆ ಉಳಿದದ್ದು ಹಳದಿಯಾಗಿ ಕಾಣುತ್ತದೆ.

ಆದ್ದರಿಂದ ಅಳತೆಗೆ ಹಳೇ ಪಟ್ಟಿಯನ್ನು ನಂಬಬೇಡಿ, ಅದು ಕುಗ್ಗಿರುತ್ತದೆ. ಗಾಜಿನ ಅಗಲವನ್ನೇ ಅಳೆಯಿರಿ. "ಗಾಜು ಎಷ್ಟು ಎಂಎಂ ಮೇಡಂ? ಎಂಟೋ, ಹತ್ತೋ?" ಅಂತ ಅಂಗಡಿಯವರು ದಪ್ಪವನ್ನೂ ಕೇಳೇ ಕೇಳುತ್ತಾರೆ. ನಾನು ತಬ್ಬಿಬ್ಬಾಗಿ ವಾಪಸ್ ಬಂದಿದ್ದೆ. ಗಾಜಿನ ಅಂಚಿಗೆ ಕಾಗದ ಒತ್ತಿ, ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ಸ್ಕೇಲಿನಲ್ಲಿ ಅಳೆದರೆ ಸಾಕು. ಹಳೆಯದನ್ನು ಒಂದು ತುದಿಯಿಂದ ಎಳೆದರೆ ಬರುತ್ತದೆ. ಗಾಜಿನ ಮೇಲಿನ ಬಿಳಿ ಕರೆ ಬೋರ್‌ವೆಲ್ ನೀರಿನ ಸುಣ್ಣದ್ದು, ವಿನೆಗರ್‌ಗೆ ಕರಗುತ್ತದೆ. ಹೊಸಿಲು ಅಮೃತಶಿಲೆಯದಾದರೆ ಹುಷಾರು, ಆ ಕಲ್ಲೂ ವಿನೆಗರ್‌ಗೆ ಕರಗುವ ಜಾತಿಯದೇ. ಹೊಸ ಪಟ್ಟಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ದವಡೆ ಸಡಿಲವಾಗಿ ಸುಲಭಕ್ಕೆ ಕೂರುತ್ತದೆ.

ಬಾಗಿಲನ್ನೇ ಕಳಚಬೇಕಾದರೆ ಮೂಲೆಯನ್ನು ಟೈಲ್ಸ್ ಮೇಲೆ ಊರಬೇಡಿ, ದಪ್ಪ ಬಟ್ಟೆ ಹಾಸಿ. ಇದು ಟಫನ್ಡ್ ಗಾಜು. 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಗಾಳಿಯೂದಿ ತಟ್ಟನೆ ತಣಿಸಿರುತ್ತಾರೆ. ಹೊರಮೈ ಒತ್ತಡದಲ್ಲಿ, ಒಳಗು ಎಳೆತದಲ್ಲಿ ಸಿಕ್ಕಿಕೊಂಡಿರುತ್ತದೆ. ನಡುವೆ ಗುದ್ದಿದರೂ ತಡೆದುಕೊಂಡೀತು. ಮೂಲೆಗೆ ಪೆಟ್ಟು ಬಿದ್ದರೆ ಇಡೀ ಬಾಗಿಲು ಕಲ್ಲುಸಕ್ಕರೆಯಂತೆ ಪುಡಿ. ಇದೇ ಕಾರಣಕ್ಕೆ ಅದನ್ನು ಆಮೇಲೆ ಕತ್ತರಿಸುವುದಕ್ಕೂ ಆಗುವುದಿಲ್ಲ. ಕೆಳಗಿನ ಸಂದು ಹೆಚ್ಚೋ ಕಮ್ಮಿಯೋ ಆದರೆ ಸರಿದೂಗಿಸಬೇಕಾದ್ದು ಪಟ್ಟಿಯೇ.

ತಿರುಗಿಸಿ ಹಾಕಿದ ಮೇಲೆ ಹನಿಗಳು ಸಾಲಾಗಿ ಒಳಗೇ ಬಿದ್ದವು. ಆದರೂ ಕೀಲಿನ ಮೂಲೆಯಲ್ಲಿ ಅಂಗೈಯಗಲ ಒದ್ದೆ ಉಳಿಯಿತು. ಮಗನ ಗೋಲಿಯೊಂದನ್ನು ಶವರ್ ಕೆಳಗಿಟ್ಟೆ. ನೀರು ಹೋಗುವ ಜಾಲರಿ ಕಡೆಗೆ ಉರುಳಬೇಕಾದದ್ದು ನಿಧಾನಕ್ಕೆ ಬಾಗಿಲ ಕಡೆಗೆ ಹೊರಟಿತು. ನೆಲದ ವಾಟವೇ ಹೊರಗಡೆಗಿದೆ. ಗೋಲಿ ಹೊಸ ಪಟ್ಟಿಯ ನಾಲಗೆಗೆ ತಗುಲಿ ನಿಂತಿತು.